ನಾಲ್ಕು ಬಟನ್, ಒಂದೇ ಟ್ಯಾಕ್ಸ್: ಲ್ಯಾಂಬ್ಡಾ ಒಳಗಿನ ಲೋಕಲ್ ವೇರಿಯಬಲ್

ಇವತ್ತು ಕೋಡ್ ಬಗ್ಗೆ ಮಾತಾಡೋಣ. ನಾನು ಬಿಕಾಂ ಓದಿದವನು, ಪ್ರೋಗ್ರಾಮಿಂಗ್ ಕಲಿತದ್ದು ಆಮೇಲೆ. ಹಾಗಾಗಿ ಬಿಲ್ ಪುಸ್ತಕದ ಕಡೆಯಿಂದಲೇ ಶುರು ಮಾಡ್ತೀನಿ.

ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿಗೆ ಪೈಥಾನ್‌ನಲ್ಲಿ ಒಂದು ಬಿಲ್ಲಿಂಗ್ ಸ್ಕ್ರೀನ್ ಮಾಡಿಕೊಟ್ಟಿದ್ದೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಬದಲಾಯ್ತಲ್ಲ, ಅದಕ್ಕೂ ಮುಂಚೆ. ಆಗ ಸ್ಲ್ಯಾಬ್ 5, 12, 18, 28. ಲೂಪ್ ಹಾಕಿ ನಾಲ್ಕು ಬಟನ್ ಮಾಡಿದೆ. ಪ್ರತಿ ಬಟನ್‌ಗೂ ಒಂದು ಲ್ಯಾಂಬ್ಡಾ, ಅಂದ್ರೆ ಹೆಸರಿಲ್ಲದ ಪುಟ್ಟ ಫಂಕ್ಷನ್: ಮೊತ್ತವನ್ನು ದರದಿಂದ ಗುಣಿಸು, 100ರಿಂದ ಭಾಗಿಸು. ಸಿಮೆಂಟ್ ಬಿಲ್ ಹಾಕಿ ನೋಡಿದೆ. 28 ಪರ್ಸೆಂಟ್, ಸರಿಯಾಗಿತ್ತು. ಖುಷಿಯಾಗಿ ಮನೆಗೆ ಬಂದೆ.

ಮೂರನೇ ದಿನ ಚಿಕ್ಕಪ್ಪನ ಫೋನ್. "ಏನೋ, ಪೇಂಟಿಗೂ ಸಿಮೆಂಟಿನ ಟ್ಯಾಕ್ಸೇ ಬೀಳ್ತಿದೆಯಲ್ಲೋ!" ಸಾವಿರ ರೂಪಾಯಿ ಪೇಂಟಿಗೆ 180 ಬರಬೇಕಿತ್ತು, 280 ಬಂದಿತ್ತು. ಯಾವ ಬಟನ್ ಒತ್ತಿದರೂ 28.

ಲ್ಯಾಂಬ್ಡಾ ದರದ ಅಂಕಿಯನ್ನು ಬರೆದಿಟ್ಟುಕೊಂಡಿರಲಿಲ್ಲ, ವೇರಿಯಬಲ್ಲನ್ನೇ ಹಿಡಿದುಕೊಂಡಿತ್ತು. ಅಂಗಡಿ ಹುಡುಗನ ಕೈಗೆ ಚೀಟಿ ಕೊಡೋ ಬದಲು "ಗೋಡೆ ಮೇಲಿನ ಬೋರ್ಡ್ ನೋಡ್ಕೋ" ಅಂದ ಹಾಗೆ. ಲೂಪ್ ಮುಗಿಯೋ ಹೊತ್ತಿಗೆ ಬೋರ್ಡಿನಲ್ಲಿ ಉಳಿದದ್ದು 28. ಬಟನ್ ಒತ್ತೋದು ಅದಾದ ಮೇಲೆ ತಾನೇ? ಸರಿ ಮಾಡೋಕೆ ಅರ್ಧ ಸಾಲು ಸಾಕು. ಲ್ಯಾಂಬ್ಡಾದ ಪ್ಯಾರಾಮೀಟರ್‌ನಲ್ಲೇ ದರವನ್ನು ಡೀಫಾಲ್ಟ್ ಆಗಿ ಕೊಟ್ಟೆ. ಡೀಫಾಲ್ಟ್ ವ್ಯಾಲ್ಯೂ ಲ್ಯಾಂಬ್ಡಾ ಹುಟ್ಟುವಾಗಲೇ ನಿರ್ಧಾರವಾಗುತ್ತೆ. ಅದೇ ಚೀಟಿ.

ಜಾವಾ ಈ ವಿಷಯದಲ್ಲಿ ಕಟ್ಟುನಿಟ್ಟು. 2014ರಲ್ಲಿ ಜಾವಾ 8 ಜೊತೆ ಲ್ಯಾಂಬ್ಡಾ ಬಂತು. ಅದರೊಳಗೆ ಬಳಸುವ ಲೋಕಲ್ ವೇರಿಯಬಲ್ ಫೈನಲ್ ಆಗಿರಬೇಕು, ಇಲ್ಲವೇ ಒಮ್ಮೆ ವ್ಯಾಲ್ಯೂ ಕೊಟ್ಟ ಮೇಲೆ ಎಲ್ಲೂ ಬದಲಾಗಬಾರದು. ಬದಲಾಯಿಸಿದ್ರೆ ಕಂಪೈಲೇ ಆಗಲ್ಲ. ಮೆಥಡ್ ಮುಗಿದಾಗ ಲೋಕಲ್ ವೇರಿಯಬಲ್ ಹೋಗಿಬಿಡುತ್ತೆ, ಲ್ಯಾಂಬ್ಡಾ ಉಳಿದಿರಬಹುದು. ಅದಕ್ಕೇ ಜಾವಾ ನಕಲು ಕೊಟ್ಟು ಕಳಿಸುತ್ತೆ. ಮೂಲ ಬದಲಾದ್ರೆ ನಕಲು ತಾಳೆಯಾಗಲ್ಲ. ಕೆಲವರು ಒಂದೇ ಮನೆಯ ಅರೇ ಮಾಡಿ ನುಸುಳ್ತಾರೆ. ನನಗಂತೂ ಇಷ್ಟವಿಲ್ಲ, ಅದು ಮತ್ತೆ ಬೋರ್ಡೇ.

ಗೋ ಭಾಷೆಯವರೂ 2024ರ ಫೆಬ್ರವರಿಯಲ್ಲಿ 1.22 ಆವೃತ್ತಿ ತಂದು, ಲೂಪಿನ ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ಅಂತ ನಿಯಮವನ್ನೇ ಬದಲಾಯಿಸಿದ್ರು. ಸದ್ಯ, ನಾನೊಬ್ಬನೇ ದಡ್ಡ ಅಲ್ಲ.

ಆ ಮೂರು ದಿನದ ಬಿಲ್ಲುಗಳನ್ನು ರಾತ್ರಿ ಕೂತು ತಾಳೆ ಹಾಕಿದ್ವಿ. ಖಾಯಂ ಗಿರಾಕಿಗಳಿಗೆ ದುಡ್ಡು ವಾಪಸ್ ಹೋಯ್ತು. ಫೋನ್ ನಂಬರ್ ಇಲ್ಲದ ಹನ್ನೊಂದು ಬಿಲ್ಲು ಚಿಕ್ಕಪ್ಪನ ಗಲ್ಲಾಪೆಟ್ಟಿಗೆಯಲ್ಲಿ ಇನ್ನೂ ಇವೆ.