ಅರ್ಬುದದ ಹಸಿವು

ದೇಹದಲ್ಲಿ ಸಕ್ಕರೆ ಉರಿಯುವ ಬಗೆ ಒಲೆಯಲ್ಲಿ ಸೌದೆ ಉರಿಯುವ ಬಗೆಯಂತಲ್ಲ. ಅದು ಒಮ್ಮೆಗೇ ಭಗ್ಗೆಂದು ಹತ್ತಿಕೊಂಡರೆ ಜೀವಕೋಶವೇ ಬೂದಿಯಾದೀತು. ಆದುದರಿಂದ ಗ್ಲೂಕೋಸು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ, ತನ್ನ ಶಕ್ತಿಯನ್ನು ಕಂತುಕಂತಾಗಿ ಒಪ್ಪಿಸುತ್ತದೆ. ಪ್ರತಿಯೊಂದು ಮೆಟ್ಟಿಲಿಗೂ ಅದರದೇ ಆದ ಒಂದು ಕಿಣ್ವವುಂಟು. ಮೊದಲ 10 ಮೆಟ್ಟಿಲುಗಳಿಗೆ ಆಮ್ಲಜನಕ ಬೇಕಿಲ್ಲ; ಅಲ್ಲಿಯ ನಿವ್ವಳ ಗಳಿಕೆ ಎ.ಟಿ.ಪಿ. ಎಂಬ ಶಕ್ತಿನಾಣ್ಯ ಎರಡು ಮಾತ್ರ. ಮುಂದಿನ ದಾರಿ ಆಮ್ಲಜನಕವನ್ನು ಬಳಸುವ ಮೈಟೋಕಾಂಡ್ರಿಯಗಳ ಒಳಗೆ. ಅಲ್ಲಿಯವರೆಗೆ ಹೋದರೆ ಒಟ್ಟು ಗಳಿಕೆ ಸುಮಾರು ಮೂವತ್ತಕ್ಕೇರುತ್ತದೆ.

1920ರ ದಶಕದಲ್ಲಿ ಬರ್ಲಿನ್ನಿನ ಆಟೋ ವಾರ್‌ಬರ್ಗ್ ಇಲಿಗಳ ಗೆಡ್ಡೆಗಳಿಂದ ತೆಳುವಾದ ಬಿಲ್ಲೆಗಳನ್ನು ಕೊಯ್ದು, ಅವು ಎಷ್ಟು ಉಸಿರಾಡುತ್ತವೆ, ಎಷ್ಟು ಆಮ್ಲವನ್ನು ಹೊರಹಾಕುತ್ತವೆ ಎಂದು ಅಳೆದನು. ಕಂಡದ್ದು ವಿಚಿತ್ರವಾಗಿತ್ತು. ಆಮ್ಲಜನಕ ಧಾರಾಳವಾಗಿದ್ದರೂ ಅರ್ಬುದದ ಕೋಶಗಳು ಸಕ್ಕರೆಯ ಬಹುಪಾಲನ್ನು ಅರ್ಧ ದಾರಿಯಲ್ಲಿಯೇ ಲ್ಯಾಕ್ಟಿಕ್ ಆಮ್ಲವಾಗಿ ಎಸೆದುಬಿಡುತ್ತಿದ್ದುವು. ಉಸಿರಾಟವು ಕೆಟ್ಟಿರುವುದೇ ಅರ್ಬುದದ ಮೂಲ ಎಂದು ವಾರ್‌ಬರ್ಗ್ ತೀರ್ಮಾನಿಸಿದನು. 1931ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದದ್ದು ಇದಕ್ಕಲ್ಲ, ಉಸಿರಾಟದ ಕಿಣ್ವದ ಶೋಧಕ್ಕೆ. ಆದರೂ 1970ರಲ್ಲಿ ತೀರಿಕೊಳ್ಳುವವರೆಗೂ ಈ ಮಾತನ್ನು ಅವನು ಬಿಡಲಿಲ್ಲ. ದೊಡ್ಡವರ ಹಟವೂ ದೊಡ್ಡದೇ! ಅವನ ಅಳತೆ ಸರಿಯಾಗಿತ್ತು, ಅರ್ಥ ಸರಿಯಾಗಿರಲಿಲ್ಲ. ಹೆಚ್ಚಿನ ಅರ್ಬುದಗಳಲ್ಲಿ ಮೈಟೋಕಾಂಡ್ರಿಯಗಳು ಕೆಲಸ ಮಾಡುತ್ತಲೇ ಇರುತ್ತವೆ. ಬೇಗಬೇಗ ಇಮ್ಮಡಿಯಾಗುವ ಕೋಶಕ್ಕೆ ಉರುವಲಷ್ಟೇ ಸಾಲದು, ಮನೆ ಕಟ್ಟುವ ಮರಮುಟ್ಟೂ ಬೇಕು. ಸಕ್ಕರೆಯ ಇಂಗಾಲವನ್ನು ಅದು ಹೊಸ ಪೊರೆಗಳಿಗೂ ವಂಶವಾಹಿ ದ್ರವ್ಯಕ್ಕೂ ತಿರುಗಿಸಿಕೊಳ್ಳುತ್ತದೆ.

ಈ ಹಸಿವನ್ನೇ ವೈರಿಯ ಮೇಲೆ ತಿರುಗಿಸಬಾರದೆ? ಗ್ಲೂಕೋಸಿನ ಎರಡನೆಯ ಇಂಗಾಲದ ಮೇಲಿರುವ ಒಂದು ಆಮ್ಲಜನಕ ಪರಮಾಣುವನ್ನು ತೆಗೆದುಬಿಟ್ಟರೆ 2-ಡಿಆಕ್ಸಿಗ್ಲೂಕೋಸು ಎಂಬ ಹುಸಿಸಕ್ಕರೆಯಾಗುತ್ತದೆ. ಮೊದಲ ಮೆಟ್ಟಿಲಿನ ಹೆಕ್ಸೊಕೈನೇಸ್ ಕಿಣ್ವ ಮೋಸಹೋಗಿ ಅದಕ್ಕೂ ಫಾಸ್ಫೇಟಿನ ಮುದ್ರೆ ಒತ್ತುತ್ತದೆ. ಎರಡನೆಯ ಮೆಟ್ಟಿಲಿನ ಕಿಣ್ವ ಅದನ್ನು ಒಲ್ಲದು. ಮುಂದೆ ಹೋಗಲಾರದೆ, ಹಿಂದೆ ಬರಲಾರದೆ, ಅದು ದಾರಿಗಡ್ಡವಾಗಿ ಕೋಶದಲ್ಲಿ ಸೇರಿಕೊಳ್ಳುತ್ತದೆ. ಇದೇ ಉಪಾಯದಿಂದ, ಆ ಜಾಗದಲ್ಲಿ ವಿಕಿರಣಶೀಲ ಫ್ಲೋರೀನ್-18 ಕೂರಿಸಿದ ಸಕ್ಕರೆಯನ್ನು 1976ರಲ್ಲಿ ಪೆನ್ಸಿಲ್ವೇನಿಯದಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ಇಂದು ಆಸ್ಪತ್ರೆಗಳಲ್ಲಿ ಮಾಡುವ ಪೆಟ್ ಪರೀಕ್ಷೆಯಲ್ಲಿ ಗೆಡ್ಡೆ ದೀಪದಂತೆ ಬೆಳಗುವುದು ಈ ಸಕ್ಕರೆಯಿಂದಲೇ.

ಆದರೆ ಆ ಚಿತ್ರದಲ್ಲಿ ಮಿದುಳೂ ಬೆಳಗುತ್ತದೆ. ತೂಕದಲ್ಲಿ ದೇಹದ ನೂರಕ್ಕೆ 2ರಷ್ಟಿರುವ ಮಿದುಳು ಶಕ್ತಿಯ ಸುಮಾರು 20ರಷ್ಟನ್ನು ಬೇಡುತ್ತದೆ. ಅರ್ಬುದವನ್ನು ಉಪವಾಸ ಕೆಡವಲು ಹೊರಟರೆ ಮಿದುಳೂ ಉಪವಾಸ ಬೀಳುತ್ತದೆ. ಹುಸಿಸಕ್ಕರೆಯ ಪ್ರಮಾಣ ಹೆಚ್ಚಿದಂತೆ ರೋಗಿಗಳಿಗೆ ಬೆವರು, ತಲೆಸುತ್ತು, ಮಂಕು. ಬೆಲ್ಲ ಸಕ್ಕರೆ ಬಿಟ್ಟರೆ ಗೆಡ್ಡೆ ಒಣಗುತ್ತದೆ ಎಂದು ನಂಬಿ ಊಟವನ್ನೇ ಕಡಿಮೆ ಮಾಡುವವರಿದ್ದಾರೆ. ನಾಲಿಗೆಗೆ ಸಿಹಿ ತಾಗದಿದ್ದರೂ ಯಕೃತ್ತು ತಾನೇ ಗ್ಲೂಕೋಸನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸೊರಗುವುದು ರೋಗಿ, ರೋಗವಲ್ಲ.

ಮಿದುಳಿನ ಗೆಡ್ಡೆಗೆ ವಿಕಿರಣ ಕೊಡುವ ಮುನ್ನ ಈ ಹುಸಿಸಕ್ಕರೆಯನ್ನು ಕುಡಿಸಿದರೆ, ಕೋಶಗಳು ತಮ್ಮ ಗಾಯವನ್ನು ದುರಸ್ತಿ ಮಾಡಿಕೊಳ್ಳಲಾರವು ಎಂಬ ವಿಚಾರವನ್ನು ಪರೀಕ್ಷಿಸಿದವರಲ್ಲಿ ನಮ್ಮ ದೇಶದ ವಿಜ್ಞಾನಿಗಳು ಮುಂದಿದ್ದರು. 1996ರಲ್ಲಿ ಪ್ರಕಟವಾದ ಅಂಥ ಒಂದು ಪ್ರಯೋಗದಲ್ಲಿ ದೆಹಲಿಯವರ ಜೊತೆಗೆ ಬೆಂಗಳೂರಿನ ನಿಮ್ಹಾನ್ಸ್‌ನವರೂ ಇದ್ದರು. ರೋಗಿಗಳು ಅದನ್ನು ತಾಳಿಕೊಂಡರು. ಆದರೆ ಅದು ನಿತ್ಯದ ಚಿಕಿತ್ಸೆಯಾಗಿ ನೆಲೆಯೂರಲಿಲ್ಲ. 2021ರ ಕೋವಿಡ್ ಹಾವಳಿಯಲ್ಲಿ, ನೀರಿನಲ್ಲಿ ಕದಡಿ ಕುಡಿಯುವ ಪುಡಿಯಾಗಿ ಇದೇ ವಸ್ತು ಸುದ್ದಿಯಾದದ್ದು ಅನೇಕರಿಗೆ ನೆನಪಿರಬಹುದು.

ದಾರಿಯನ್ನೇ ಕಡಿಯುವ ಬದಲು ಗೆಡ್ಡೆ ಹೆಚ್ಚಾಗಿ ನೆಚ್ಚಿರುವ ಕಿಣ್ವವನ್ನಷ್ಟೇ ಹಿಡಿಯುವುದು ಮತ್ತೊಂದು ಯೋಚನೆ. ಹೆಕ್ಸೊಕೈನೇಸಿನಲ್ಲಿ ಹಲವು ಬಗೆಗಳುಂಟು; ಅನೇಕ ಅರ್ಬುದಗಳು ಎರಡನೆಯ ಬಗೆಯನ್ನು ಹೇರಳವಾಗಿ ತಯಾರಿಸಿಕೊಳ್ಳುತ್ತವೆ. ಇಲಿಗಳಲ್ಲಿ ಆ ಒಂದನ್ನು ಅಳಿಸಿದಾಗ ಗೆಡ್ಡೆ ಕುಗ್ಗಿತೆಂದೂ ಇಲಿಗಳಿಗೆ ದೊಡ್ಡ ಅಪಾಯವಾಗಲಿಲ್ಲವೆಂದೂ 2013ರಲ್ಲಿ ವರದಿಯಾಯಿತು.

ನಿಜವಾದ ಗೆಲುವು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಮಿದುಳಿನ ಗೆಡ್ಡೆಗಳ ವಂಶವಾಹಿಗಳನ್ನು ಓದುತ್ತಿದ್ದವರಿಗೆ 2008ರಲ್ಲಿ ಐಸೋಸಿಟ್ರೇಟ್ ಡಿಹೈಡ್ರೋಜಿನೇಸ್ ಎಂಬ, ಈ ದಾರಿಯ ಕೆಳಭಾಗಕ್ಕೆ ಸಂಬಂಧಿಸಿದ ಕಿಣ್ವದಲ್ಲಿ ಒಂದು ಅಕ್ಷರದೋಷ ಕಂಡಿತು. ದೋಷವುಳ್ಳ ಕಿಣ್ವ ಸುಮ್ಮನಿರುವುದಿಲ್ಲ. ತಾನು ಮಾಡಬಾರದ ಹೊಸ ಆಮ್ಲವೊಂದನ್ನು ತಯಾರಿಸಿ, ಕೋಶ ಬಲಿಯದಂತೆ ಎಳಸಾಗಿಯೇ ಉಳಿಸುತ್ತದೆ. ಕಿಣ್ವದ ಈ ದೋಷ ಆರೋಗ್ಯವಂತ ಕೋಶದಲ್ಲಿಲ್ಲವಾದ್ದರಿಂದ ಮಿದುಳಿನ ಉಪವಾಸದ ತೊಡಕು ಇಲ್ಲಿಲ್ಲ. ಇದನ್ನು ತಡೆಯುವ ಔಷಧಿಗಳಿಗೆ ಅಮೆರಿಕದಲ್ಲಿ 2017 ಮತ್ತು 2018ರಲ್ಲಿ ಒಂದು ಬಗೆಯ ರಕ್ತಾರ್ಬುದಕ್ಕೆ ಒಪ್ಪಿಗೆ ದೊರಕಿತು. 2024ರಲ್ಲಿ ವೊರಾಸಿಡೆನಿಬ್ ಎಂಬ ಗುಳಿಗೆಗೆ, ನಿಧಾನವಾಗಿ ಬೆಳೆಯುವ ಮಿದುಳಿನ ಗೆಡ್ಡೆಗೆ. ಶಸ್ತ್ರಚಿಕಿತ್ಸೆ ಮಾತ್ರ ಆಗಿದ್ದ 331 ರೋಗಿಗಳ ಪ್ರಯೋಗದಲ್ಲಿ, ಬರಿಯ ಹುಸಿಗುಳಿಗೆ ನುಂಗಿದವರಲ್ಲಿ ಗೆಡ್ಡೆ ಮತ್ತೆ ಬೆಳೆಯುವವರೆಗಿನ ಮಧ್ಯಮ ಅವಧಿ 11.1 ತಿಂಗಳು, ಔಷಧಿ ನುಂಗಿದವರಲ್ಲಿ 27.7 ತಿಂಗಳು. ಅವರಲ್ಲಿ ಅನೇಕರು ನಡುಹರೆಯದವರು. ತಲೆಗೆ ವಿಕಿರಣ ತಾಗಿದರೆ ವರ್ಷಗಳ ಮೇಲೆ ನೆನಪು ಕುಂದೀತೆಂಬ ಅಂಜಿಕೆಯಿದ್ದವರಿಗೆ ಅದನ್ನು ಮುಂದೂಡಲು ದೊರೆತ ಬಿಡುವು ಇದು.