ಹೆಡ್ ಸೆಟ್ಟರ್‌ಗೆ ಎಷ್ಟು ಸಂಬಳ ನ್ಯಾಯ? ಪೀಣ್ಯದ ಒಂದು ಶಾಪ್‌ನ ಲೆಕ್ಕ

ಈ ವಾರ ಎಸ್‌ಐಪಿ ಬಗ್ಗೆ ಮಾತಾಡ್ತೀನಿ ಅಂದಿದ್ದೆ. ಅದನ್ನ ಮುಂದಿನ ವಾರಕ್ಕೆ ಇಟ್ಕೊಳ್ಳೋಣ. ನಡುವೆ ಮನೆ ಕಡೆಯ ಒಂದು ಲೆಕ್ಕ ಬಂತು, ಹದಿನೈದು ದಿನ ನನ್ನ ತಲೆ ತಿಂದಿದೆ.

ನಮ್ಮ ಸೋದರಮಾವನಿಗೆ ಪೀಣ್ಯ ಎರಡನೇ ಹಂತದಲ್ಲಿ ಒಂದು ಮಷಿನ್ ಶಾಪ್ ಇದೆ. ಎರಡು ಸಿಎನ್‌ಸಿ ಲೇತ್, ಎರಡು ವಿಎಂಸಿ, ಮೂಲೆಯಲ್ಲಿ ಒಂದು ಹಳೇ ಲೇತ್. ಕೆಲಸಕ್ಕೆ ಹನ್ನೊಂದು ಜನ. ಪೂರ್ತಿ ಜಾಬ್ ವರ್ಕ್, ಅಂದ್ರೆ ಪಾರ್ಟಿಯವರೇ ಮೆಟೀರಿಯಲ್ ಕಳಿಸ್ತಾರೆ, ಇವರು ಮಷಿನಿಂಗ್ ಮಾಡಿ ವಾಪಸ್ ಕಳಿಸ್ತಾರೆ. ಅಲ್ಲಿ ಒಬ್ಬರು ಹೆಡ್ ಸೆಟ್ಟರ್ ಇದ್ದಾರೆ. ನಾನು ಅಣ್ಣ ಅಂತ ಕರೀತೀನಿ, ಇಲ್ಲೂ ಹಾಗೇ ಕರೀತೀನಿ. ಐಟಿಐ ಟರ್ನರ್ ಮುಗಿಸಿ ಬಂದವರು, ಈ ಶಾಪ್‌ಗೆ ಸೇರಿ 14 ವರ್ಷ. ಡ್ರಾಯಿಂಗ್ ನೋಡಿ ಪ್ರೋಗ್ರಾಂ ಬರೆದು, ಜಾಬ್ ಕೂರಿಸಿ, ಟೂಲ್ ಆಫ್‌ಸೆಟ್ ಕೊಟ್ಟು, ಮೊದಲ ಪೀಸ್ ಸರಿಯಾಗಿ ತೆಗೆದು ಆಪರೇಟರ್ ಕೈಗೆ ಕೊಡೋದು ಅವರ ಕೆಲಸ. ಸಂಬಳ 32,000.

ದಾಬಸ್‌ಪೇಟೆ ಕಡೆಯ ಒಂದು ದೊಡ್ಡ ಫ್ಯಾಕ್ಟರಿಯವರು ಅವರನ್ನ ಕರೆದಿದ್ದಾರೆ. 42,000, ಬಸ್, ಕ್ಯಾಂಟೀನ್. ಅಣ್ಣ ಯಾರಿಗೂ ಹೇಳಿರಲಿಲ್ಲ, ಟೂಲ್ ಸಪ್ಲೈ ಮಾಡೋ ಹುಡುಗನ ಬಾಯಿಂದ ಮಾವನಿಗೆ ಗೊತ್ತಾಯ್ತು. ಅವತ್ತು ರಾತ್ರಿಯೇ ಫೋನ್. "ನೀನು ಬಿ.ಕಾಂ. ಓದಿದ್ದೀಯಲ್ಲೋ, ಇವನಿಗೆ ಎಷ್ಟು ಕೊಟ್ರೆ ನ್ಯಾಯ, ಲೆಕ್ಕ ಹಾಕಿ ಹೇಳು."

ನಾನು ಮೊದಲು ಹಾಕಿದ್ದು ದಡ್ಡ ಲೆಕ್ಕ. ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು 208 ಗಂಟೆ. 32,000 ಭಾಗಿಸು 208, ಗಂಟೆಗೆ ಸುಮಾರು 154 ರೂಪಾಯಿ. ಆಪರೇಟರ್‌ಗಳಿಗೆ 22,000, ಅಂದ್ರೆ ಗಂಟೆಗೆ 106. ಅಣ್ಣನಿಗೆ ಅವರಿಗಿಂತ ಶೇ. 45 ಜಾಸ್ತಿ ಸಿಗ್ತಿದೆ, ಒಂದು 3,000 ಏರಿಸಿದ್ರೆ ಸಾಕು ಮಾವ ಅಂದೆ. ಕಾಲೇಜಲ್ಲಿ ಕಾಸ್ಟ್ ಅಕೌಂಟಿಂಗ್ ಪಾಸಾದವನ ಧೈರ್ಯ ಅದು.

ಆಮೇಲೆ ಒಂದು ದಿನ ಶಾಪ್‌ಗೇ ಹೋಗಿ ಹಳೇ ಬುಕ್ ತೆಗೆದು ಕೂತೆ. ಮೂರು ತಿಂಗಳ ಹಿಂದೆ ಅಣ್ಣ ಊರಲ್ಲಿ ಮದುವೆ ಅಂತ ಒಂಬತ್ತು ದಿನ ರಜೆ ಹಾಕಿದ್ರು. ಆ ಒಂಬತ್ತು ದಿನದ ಪುಟಗಳು ಎಲ್ಲವನ್ನೂ ಹೇಳ್ತವೆ. ಅವರಿದ್ದಾಗ ಒಂದು ಜಾಬ್ ಇಳಿಸಿ ಇನ್ನೊಂದು ಹತ್ತಿಸೋಕೆ ಮುಕ್ಕಾಲು ಗಂಟೆ. ಅವರಿಲ್ಲದಾಗ ಎರಡು ಗಂಟೆ. ದಿನಕ್ಕೆ ಎರಡು ಸೆಟ್ಟಿಂಗ್ ಬದಲಾಗುತ್ತೆ ಅಂತ ಇಟ್ಕೊಳ್ಳಿ, ತಿಂಗಳಿಗೆ 65 ಗಂಟೆ ಮಷಿನ್ ಸುಮ್ಮನೆ ನಿಲ್ಲುತ್ತೆ. ಮಾವ ಪಾರ್ಟಿಗಳಿಗೆ ಕೋಟ್ ಮಾಡೋದು ಮಷಿನ್ ಗಂಟೆಗೆ 400ರಂತೆ. ಅಲ್ಲಿಗೆ 26,000 ಆಯ್ತು. ಉಳಿಸಿದ ಗಂಟೆಗೆಲ್ಲ ಆರ್ಡರ್ ಇರಲ್ಲ, ಒಪ್ಪಿದೆ. ಅರ್ಧ ಹಿಡೀರಿ, 13,000.

ಅದೇ ರಜೆಯಲ್ಲಿ 60 ಶಾಫ್ಟ್‌ಗಳ ಒಂದು ಲಾಟ್ ಇತ್ತು. ಬೇರಿಂಗ್ ಕೂರೋ ಜಾಗ 25 ಮಿ.ಮೀ., ಎಚ್6 ಟಾಲರೆನ್ಸ್. ಅಂದ್ರೆ 25.000ದಿಂದ 24.987ರ ಒಳಗೆ ಬರಬೇಕು, ಬಿಟ್ಟುಕೊಟ್ಟಿರೋದು 13 ಮೈಕ್ರಾನ್ ಅಷ್ಟೇ, ತಲೆಕೂದಲಿನ ದಪ್ಪದಲ್ಲಿ ಸುಮಾರು ಐದನೇ ಒಂದು ಪಾಲು. ಇನ್ಸರ್ಟ್ ಸವೀತಾ ಬಂದ ಹಾಗೆ ಸೈಜ್ ದೊಡ್ಡದಾಗ್ತಾ ಹೋಗುತ್ತೆ, ಆಗಾಗ ಅಳೆದು ಆಫ್‌ಸೆಟ್ ಸ್ವಲ್ಪ ಸ್ವಲ್ಪ ಇಳಿಸಬೇಕು. ಹುಡುಗ ಹೆದರಿಕೊಂಡು ಒಂದೇ ಸಲ ಜಾಸ್ತಿ ಇಳಿಸಿದ. ದಪ್ಪ ಉಳಿದ್ರೆ ಇನ್ನೊಂದು ಕಟ್ ಹಾಕಬಹುದು, ಕಡಿಮೆ ಆದ್ರೆ ಮುಗೀತು. 22 ಪೀಸ್ ಗುಜರಿಗೆ. ಪಾರ್ಟಿಯವರು ಮೆಟೀರಿಯಲ್‌ಗೆ ಪೀಸ್‌ಗೆ 480ರಂತೆ ಡೆಬಿಟ್ ನೋಟ್ ಕಳಿಸಿದ್ರು, 10,560 ರೂಪಾಯಿ. ಹುಡುಗನದ್ದು ತಪ್ಪಲ್ಲ, ಅವನಿಗೆ ಯಾರೂ ಕೂತು ಹೇಳಿಕೊಟ್ಟಿರಲಿಲ್ಲ. ಈ ಮಾತಿಗೆ ಆಮೇಲೆ ಬರ್ತೀನಿ.

ನನ್ನ ಮುಖಕ್ಕೆ ಹೊಡೆದ ಹಾಗಾಗಿದ್ದು ಮಾತ್ರ ಓವರ್‌ಟೈಮ್ ಲೆಕ್ಕ. ಓಟಿಗೆ ದುಪ್ಪಟ್ಟು ದರ ಕೊಡಬೇಕು, ಮಾವ ಕೊಡ್ತಾರೆ. ಡೆಲಿವರಿ ಒತ್ತಡ ಇರೋ ತಿಂಗಳು ಆಪರೇಟರ್ 40 ಗಂಟೆ ಓಟಿ ಮಾಡಿದ್ರೆ 8,460 ರೂಪಾಯಿ, ಒಟ್ಟು 30,460. ಆದರೆ ಅಣ್ಣನಿಗೆ ಐದು ವರ್ಷದ ಹಿಂದೆ 'ಸೂಪರ್‌ವೈಸರ್' ಅಂತ ಹೆಸರು ಕೊಟ್ಟು 2,000 ಏರಿಸಿ ಓಟಿ ನಿಲ್ಲಿಸಿದ್ರು. ಆಪರೇಟರ್ ಉಳಿದ್ರೆ ಅವರೂ ಉಳೀಲೇಬೇಕು, ಮೊದಲ ಪೀಸ್ ಪಾಸ್ ಮಾಡೋರು ಅವರೇ ತಾನೇ. ಹಾಗಾಗಿ ಅಂಥ ತಿಂಗಳಲ್ಲಿ, ತಾನೇ ಕೆಲಸ ಕಲಿಸಿದ ಹುಡುಗನಿಗಿಂತ ಅಣ್ಣನ ಕೈಗೆ ಬರೋದು 1,540 ರೂಪಾಯಿ ಜಾಸ್ತಿ. ಬಡ್ತಿ ಅಂತ ಕೊಟ್ಟಿದ್ದು ನಿಜವಾಗಿ ಕಡಿತ!

ಮಾವನಿಗೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆ ಮಗನ ತರ ನೋಡ್ಕೊಂಡಿದ್ದೀನಿ ಕಣೋ" ಅಂದ್ರು. ಸುಳ್ಳಲ್ಲ. ಅಣ್ಣನ ಮಗಳ ಕಾಲೇಜು ಫೀಸಿಗೆ ಒಂದು ಲಕ್ಷ ಅಡ್ವಾನ್ಸ್ ಕೊಟ್ಟಿದ್ದಾರೆ, ಬಡ್ಡಿ ಇಲ್ಲ. ಆದರೆ ಅಣ್ಣ ಎರಡು ವರ್ಷದಿಂದ ಸಂಬಳ ಏರಿಸಿ ಅಂತ ಕೇಳದೇ ಇರೋಕೂ ಅದೇ ಕಾರಣ ಅಂತ ನನಗೆ ಅನ್ನಿಸ್ತು. ಸಾಲ ಕೊಟ್ಟವರ ಎದುರು ಬಾಯಿ ಏಳಲ್ಲ. ಪೀಣ್ಯದಲ್ಲಿ ಇದೇನು ಹೊಸದಲ್ಲ ಬಿಡಿ, ಅಡ್ವಾನ್ಸ್ ಕೊಟ್ಟು ಕೂರಿಸಿಕೊಳ್ಳೋದು.

ಶನಿವಾರ ಶಿಫ್ಟ್ ಮುಗಿದ ಮೇಲೆ ಮೂವರೂ ಟೀ ತರಿಸಿಕೊಂಡು ಕೂತೆವು. 42,000 ಕೊಡೋಕಾಗಲ್ಲ ಅಂತ ಮಾವ ನೇರವಾಗಿ ಹೇಳಿದ್ರು, ಒಳ್ಳೇದೇ ಆಯ್ತು. 40,000ಕ್ಕೆ ಒಪ್ಪಿದ್ರು. ಓಟಿ ಮತ್ತೆ ಶುರು. ಅಡ್ವಾನ್ಸಲ್ಲಿ ಬಾಕಿ ಇರೋ 60,000ವನ್ನ ಬೇರೆ ಕಾಗದದಲ್ಲಿ ಬರೆದು ತಿಂಗಳಿಗೆ 3,000ದಂತೆ ತೀರಿಸೋದು, ಕೆಲಸ ಬಿಟ್ಟರೂ ಅದೇ ಕಂತು.

ಜಗ್ಗಾಟ ಆಗಿದ್ದು ಬೇಸಿಕ್ ಮೇಲೆ. 32,000ದಲ್ಲಿ ಬೇಸಿಕ್ 16,000, ಉಳಿದದ್ದು ಅಲೋಯನ್ಸ್. ಗ್ರಾಚ್ಯುಟಿ ಲೆಕ್ಕ ಗೊತ್ತಲ್ಲ, ಕೊನೆಯ ಬೇಸಿಕ್ ಭಾಗಿಸು 26, ಇಂಟು 15, ಇಂಟು ಸೇವೆಯ ವರ್ಷ. 16,000ಕ್ಕೆ 14 ವರ್ಷಕ್ಕೆ 1,29,231 ಬರುತ್ತೆ. 24,000 ಮಾಡಿದ್ರೆ 1,93,846. ಇವತ್ತು ಏರಿಸಿದ ಬೇಸಿಕ್ ಹಿಂದಿನ 14 ವರ್ಷಕ್ಕೂ ಅನ್ವಯ ಆಗುತ್ತೆ, ಅದಕ್ಕೇ ಮಾವ ಹಿಂಜರಿದ್ರು. ನಾನು ಅಣ್ಣನ ಕಡೆ ನಿಂತೆ. ಮಾವ ನನ್ನ ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ. ಕೊನೆಗೆ 24,000ಕ್ಕೆ ಹೂಂ ಅಂದ್ರು.

ಆಗ ನಾನು ಕೇಳಿದೆ, "ಅಣ್ಣ, ಹುಡುಗರಿಗೆ ಸೆಟ್ಟಿಂಗ್ ಯಾಕೆ ಕಲಿಸಿಲ್ಲ?" ಅವರು ಟೀ ಲೋಟ ಕೆಳಗಿಟ್ಟು ಹೇಳಿದ್ರು: "ನೀವೇ ಹೇಳಿ ಸಾರ್, ಎಲ್ಲ ಕಲಿಸಿಬಿಟ್ರೆ ನನ್ನನ್ನ ಯಾರು ಇಟ್ಕೊಳ್ತಾರೆ?" ಮಾವನ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಹತ್ತು ನಿಮಿಷ ಮಾತಾಡಿ ಇನ್ನೊಂದು ಸಾಲು ಸೇರಿಸಿದೆವು. ಒಬ್ಬ ಹುಡುಗ ತಾನೊಬ್ಬನೇ ಸೆಟ್ಟಿಂಗ್ ಮಾಡೋ ಮಟ್ಟಕ್ಕೆ ಬಂದ್ರೆ ಅಣ್ಣನಿಗೆ 10,000, ಅವರ ಸಂಬಳ ಮಾತ್ರ ಯಾವತ್ತೂ ಇಳಿಯಲ್ಲ. ಮಾವ ಅದನ್ನ ಲೆಟರ್‌ಹೆಡ್ ಮೇಲೆ ಬರೆದು ಸೀಲ್ ಹಾಕಿದ್ರು.

ಅಣ್ಣ ಕಾಗದ ಮಡಚಿ ಜೇಬಿಗೆ ಹಾಕ್ಕೊಂಡು, ಮನೆಯಲ್ಲಿ ಕೇಳಿ ಹೇಳ್ತೀನಿ ಅಂದು ಹೋದ್ರು. ಸೋಮವಾರ ಏನೂ ಹೇಳಲಿಲ್ಲ. ಮಂಗಳವಾರ ಮಧ್ಯಾಹ್ನ ಮಾವ ಒಂದು ಫೋಟೋ ಕಳಿಸಿದ್ರು. ಎರಡನೇ ಲೇತ್ ಮುಂದೆ ಆ ಶಾಫ್ಟ್ ಹಾಳು ಮಾಡಿದ ಹುಡುಗ ಮೈಕ್ರೋಮೀಟರ್ ಹಿಡಿದು ನಿಂತಿದ್ದಾನೆ, ಪಕ್ಕದಲ್ಲಿ ಅಣ್ಣ ಕೈ ಕಟ್ಟಿಕೊಂಡು ನೋಡ್ತಿದ್ದಾರೆ.