ಜೋಗದ ಮೇಲೆ, ಜೋಗದ ಕೆಳಗೆ



ನಾಡಿಗೆ ರಾಮಕೃಷ್ಣ ಹೆಗಡೆಯವರಂಥ ಮುಖ್ಯಮಂತ್ರಿಯನ್ನು ಕೊಟ್ಟ ಊರು ಈ ದೊಡ್ಮನೆ. ಶರಾವತಿ ಕಣಿವೆಯ ಕುರಿತ ಈ ಸಂಕಿರಣಕ್ಕೆ ಶಿವಮೊಗ್ಗ, ಉತ್ತರ ಕನ್ನಡ ಎರಡೂ ಜಿಲ್ಲೆಯವರು ಬಂದು ಒಟ್ಟಿಗೆ ಕೂತಿದ್ದೀರಿ. ಅದೇ ನನಗೆ ದೊಡ್ಡ ಸಂತೋಷ. 

ಬಹುಕಾಲದಿಂದ ಒಂದು ಮಾತು ಹೇಳುತ್ತ ಬಂದಿದ್ದೇನೆ: ಈ ಕಣಿವೆಯ ಚರಿತ್ರೆಯನ್ನು ನಾವು ಜೋಗದ ಹತ್ತಿರ ತುಂಡು ಮಾಡಿಟ್ಟಿದ್ದೇವೆ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಅಲ್ಲಿಂದ 1956ರವರೆಗೆ ಜೋಗದ ಮೇಲಿನ ಹೊಳೆ ಮೈಸೂರಿನದು, ಕೆಳಗಿನದು ಮುಂಬಯಿಯದು. ಜಲಪಾತದ ಒಂದು ದಡದಲ್ಲಿ ಮೈಸೂರು ಬಂಗಲೆ, ಎದುರು ದಡದಲ್ಲಿ ಬಾಂಬೆ ಬಂಗಲೆ. ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ಒಂದು ಕಪಾಟಿನಲ್ಲಿ, 1883ರ ಕೆನರಾ ಗೆಜೆಟಿಯರ್ ಇನ್ನೊಂದರಲ್ಲಿ. ಏಕೀಕರಣವಾಗಿ ಇಷ್ಟು ದಶಕ ಕಳೆದರೂ ಘಟ್ಟದ ಮೇಲಿನ ಇಕ್ಕೇರಿಯನ್ನು ಶಿವಮೊಗ್ಗದವರು ಬರೆಯುತ್ತಾರೆ, ಘಟ್ಟದ ಕೆಳಗಿನ ಗೇರುಸೊಪ್ಪೆಯನ್ನು ಕರಾವಳಿಯವರು ಬರೆಯುತ್ತಾರೆ. ಒಬ್ಬರ ಅಡಿಟಿಪ್ಪಣಿಯಲ್ಲಿ ಇನ್ನೊಬ್ಬರು ಅಪರೂಪ.

  ಹೀಗೆ ತುಂಡು ಮಾಡಿದ್ದರಿಂದ ಏನು ತಪ್ಪಿಹೋಗುತ್ತದೆ ಎಂದು ತೋರಿಸಲು ನನ್ನ ಒಂದು ಹಳೆಯ ಪ್ರಶ್ನೆಗೆ ಬರುತ್ತೇನೆ.

16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದರು. ಆ ಮೆಣಸು ಬೆಳೆದದ್ದು ಎಲ್ಲಿ? ಘಟ್ಟದ ಬುಡದ ಇಳಿಜಾರುಗಳಲ್ಲೋ, ಘಟ್ಟದ ಮೇಲಿನ ನಮ್ಮ ಅಡಿಕೆ ತೋಟಗಳಲ್ಲೋ? ಬುಡದಲ್ಲೇ ಬೆಳೆದಿದ್ದರೆ ಅವಳದು ತನ್ನ ನೆಲದ ಐಶ್ವರ್ಯ. ಮೇಲಿನಿಂದ ಎತ್ತಿನ ಬೆನ್ನೇರಿ ಇಳಿದು ಬಂದಿದ್ದರೆ ಅವಳ ಭಾಗ್ಯವೆಲ್ಲ ಘಟ್ಟದ ದಾರಿಯ ಮೇಲೆ, ಆ ದಾರಿಯ ಸುಂಕದ ಮೇಲೆ, ಘಟ್ಟದ ಮೇಲಿನ ಬಿಳಗಿ, ಇಕ್ಕೇರಿಗಳ ಅರಸರ ಜೊತೆಗಿನ ಸಂಬಂಧದ ಮೇಲೆ ನಿಂತಿತ್ತು. ಆಗ ಇಕ್ಕೇರಿಯವರು ಗೇರುಸೊಪ್ಪೆಯನ್ನು ಹಿಡಿದದ್ದಕ್ಕೂ ಬೇರೆಯೇ ಅರ್ಥ ಬರುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದ. ಅಷ್ಟರಲ್ಲಾಗಲೇ ರಾಣಿಯ ಊರು ಹಾಳು ಬಿದ್ದು ಮರಗಿಡ ಬೆಳೆದಿತ್ತು. ಅಲ್ಲಿಂದ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೋದ. ಕಡಲು, ಅಳಿವೆ, ಘಟ್ಟ, ರಾಜಧಾನಿ: ಆ ಪರದೇಶಿಗೆ ಒಂದೇ ಪ್ರಯಾಣದಲ್ಲಿ ಕಂಡದ್ದನ್ನು ನಾವು ಎರಡು ವಿಷಯ ಮಾಡಿಕೊಂಡೆವು.

ಆಮೇಲೆ ನೀರು ಬಂತು. 1948ರಲ್ಲಿ ಮಡೆನೂರು ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ಮೊದಲನೆಯದನ್ನು ಎರಡನೆಯದು ನುಂಗಿತು. ಈ ಹಿನ್ನೀರಿನ ಬಗ್ಗೆ ಕೇಳಿದರೆ ತುಂಬಿದ ಮಟ್ಟ 1,819 ಅಡಿ ಎನ್ನುತ್ತಾರೆ, ವಿದ್ಯುತ್ತು 1,035 ಮೆಗಾವಾಟ್ ಎನ್ನುತ್ತಾರೆ. ಒಮ್ಮೆ ಹಿನ್ನೀರು ದಾಟುವ ಹೊಳೆಬಾಗಿಲಿನ ಲಾಂಚಿನಲ್ಲಿ ಪಕ್ಕದಲ್ಲಿದ್ದ ಅಜ್ಜಿ ನಡು ನೀರಿಗೆ ಕೈ ತೋರಿಸಿ, “ಯಮ್ಮನೆ ತೋಟ ಅಲ್ಲೇ ಇದ್ದಿತ್ತು ತಮಾ” ಎಂದರು. ತೋಟದ ಕೆಳಗೆ ಗದ್ದೆ, ಗದ್ದೆಯಾಚೆ ಎತ್ತುಗಾಡಿಯ ದಾರಿ ಎಂದು ಗುರುತು ಹೇಳುತ್ತ ಹೋದರು. ಈಗ ಅಲ್ಲಿ ಸೇತುವೆಯಾಗಿದೆ, 2025ರ ಜುಲೈಯಲ್ಲಿ ಉದ್ಘಾಟನೆಯೂ ಆಯಿತು. ಅಂಥ ಮಾತು ಕೇಳಿಸಿಕೊಳ್ಳಲು ಲಾಂಚಿನ ಆ ನಿಧಾನದ ಹೊತ್ತೂ ಇನ್ನಿಲ್ಲ.

ನೀರಿನ ಲೆಕ್ಕದಲ್ಲಿ ದಡದ ಜನ ಮರೆಯಾಗುವುದು ಇಲ್ಲಿ ಮಾತ್ರವಲ್ಲ; ಮಧ್ಯ ಅಮೆರಿಕದ ನಿಕರಾಗುವಾ ಸರೋವರದ ಕಥೆಯನ್ನು ನಾನು ಆಸಕ್ತಿಯಿಂದ ಓದುವುದು ಇದಕ್ಕೇ. ಎಂಟು ಸಾವಿರ ಚದರ ಕಿಲೋಮೀಟರಿಗೂ ದೊಡ್ಡ ನೀರು. ಅದರ ಪಶ್ಚಿಮ ದಡದಿಂದ ಪೆಸಿಫಿಕ್ ಸಾಗರ ಸುಮಾರು 20 ಕಿಲೋಮೀಟರ್ ಮಾತ್ರ. ಆದರೆ ನೀರು ಹರಿಯುವುದು ಸಾನ್ ಹುವಾನ್ ನದಿಯಾಗಿ ಪೂರ್ವಕ್ಕೆ, ಕೆರಿಬಿಯನ್ ಕಡಲಿಗೆ. 1524ರಲ್ಲಿ ಸ್ಪೇನಿನವರು ದಡದಲ್ಲಿ ಗ್ರನಾಡಾ ಪಟ್ಟಣ ಕಟ್ಟಿದರು. ಶತಮಾನಗಳ ಕಾಲ ಹೊರಗಿನವರು ಅದನ್ನು ಕಾಲುವೆಯ ಹಾದಿಯೆಂದೇ ಅಳೆದರು. 1902ರಲ್ಲಿ ಅಮೆರಿಕ ಪನಾಮಾ ಕಡೆ ವಾಲಿದ ಮೇಲೂ ಆ ಗುಂಗು ಹೋಗಲಿಲ್ಲ. ನದಿಯ ಕೆಳಪಾತ್ರ 1858ರ ಒಪ್ಪಂದದಿಂದ ಗಡಿಯಾಯಿತು. ಕೋಸ್ಟರಿಕಾ, ನಿಕರಾಗುವಾಗಳ ತಕರಾರು ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಯಿತು. ಅಲ್ಲಿ ಕಾಲುವೆ, ಇಲ್ಲಿ ವಿದ್ಯುತ್ತು. ನೀರಿನಿಂದ ಏನು ಬೇಕೋ ಅದನ್ನೇ ಬರೆದವರು ನೀರಿನ ದಡದಲ್ಲಿ ಬಾಳಿದವರನ್ನು ಬಿಟ್ಟರು.

ಆದ್ದರಿಂದ ಈ ಸಂಕಿರಣದಿಂದ ನಾನು ಬಯಸುವುದು ಪ್ರಬಂಧಗಳ ಸಂಪುಟವನ್ನಷ್ಟೇ ಅಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಎರಡೂ ಜಿಲ್ಲೆಯ ವಿದ್ಯಾರ್ಥಿಗಳು ಒಟ್ಟಿಗೆ ಹೋಗಿ ಮೇಲೆದ್ದ ದಾರಿ, ಕಟ್ಟೆ, ಬಾವಿಗಳ ನಕ್ಷೆ ಮಾಡಲಿ. ಮುಳುಗಡೆಯಾದ ಮನೆಗಳವರು ಪರಿಹಾರದ ಕಾಗದ, ತೋಟದ ಲೆಕ್ಕದ ಪುಸ್ತಕಗಳನ್ನು ಎಸೆಯಬೇಡಿ, ನಕಲು ಮಾಡಿಕೊಳ್ಳಲು ಕೊಡಿ. ಮುಳುಗುವ ಮೊದಲಿನ ಊರುಗಳನ್ನು ಕಂಡ ಹಿರಿಯರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಬರುವ ಏಪ್ರಿಲ್ ಒಳಗೆ ಈ ಕೆಲಸ ಶುರುವಾಗಲಿ.